ಬಟ್ಟೆಯ ಹಿಂಬದಿ

ಮಾರ್ಚ್ 4

ಬ್ಲಾಗಿನಲ್ಲಿ ನಾನಿನ್ನು ಒಂದಕ್ಷರವನ್ನೂ ಬರೆಯಕೂಡದಂತೆ. ಪ್ರವೇರಾ ಉಣ್ಣೆ ಗಿರಣಿಯ ವಕೀಲರು ರಿಜಿಸ್ಟರ್ ಅಂಚೆಯಲ್ಲಿ ನೋಟಿಸು ಕಳಿಸಿದ್ದಾರೆ. ಸಹಿ ಹಾಕುವಾಗ ಅಂಚೆಯವನು ನನ್ನ ಮುಖವನ್ನೇ ನೋಡುತ್ತಿದ್ದ.

"ಒಳ್ಳೆ ಸುದ್ದೀನಾ, ಓರ್ನೆಲ್ಲಾ?"

"ಮದುವೆ ಕರೆಯೋಲೆ ಕಣಪ್ಪಾ. ವರ ಯಾರು ಅಂತ ಇನ್ನೂ ಗೊತ್ತಾಗಿಲ್ಲ" ಅಂದೆ.

ಬರೆಯಬೇಡ ಅಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಅಂಗಡಿಗೆ ಹೋಗಿ ಈ ಪುಸ್ತಕ ತಂದೆ. ಇದರಲ್ಲಿ ಬರೆದರೆ ಯಾರಪ್ಪನ ಗಂಟು ಹೋಗುತ್ತದೆ? ಬ್ಲಾಗಿನಲ್ಲಾದರೆ ಓದುವವರಿದ್ದಾರೆ ಅಂತ ಒಂದಿಷ್ಟು ಮರ್ಯಾದೆ ಇಟ್ಟುಕೊಳ್ಳಬೇಕಿತ್ತು. ಇಲ್ಲಿ ಅದೂ ಬೇಡ. ಹೆಸರು ಹಿಡಿದು, ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಕೋಪ ಬಂದಾಗ ಮೊದಲಿನಿಂದ ಹೇಳುವುದು ನನ್ನ ಚಾಳಿ. ನೇಯುವಾಗ ಎಳೆ ಹರಿದರೆ ನೇಕಾರ ಗಂಟು ಹಾಕುತ್ತಾನೆ. ನಮ್ಮ ಕಣಿವೆಯ ನೇಕಾರರು ಗಂಟು ಹಾಕಿದ ಮೇಲೆ ಬಟ್ಟೆಯ ಹಿಂಬದಿಗೆ ಬೆರಳಗಲದಷ್ಟು ಎಳೆಯನ್ನು ಬಾಲದಂತೆ ಬಿಡುತ್ತಾರೆ. ಆಮೇಲೆ ರಫು ಮಾಡುವ ನಮ್ಮಂಥ ಹೆಂಗಸರ ಬೆರಳಿಗೆ ಅದು ಸಿಗಲಿ ಅಂತ. ಇದಕ್ಕೇನೂ ಕಾನೂನಿಲ್ಲ. ರಫು ಕೋಣೆಯಲ್ಲಿ ಕೂತಿರುತ್ತಿದ್ದವಳು ಅವನ ಹೆಂಡತಿಯೋ ತಂಗಿಯೋ ಆಗಿರುತ್ತಿದ್ದಳು. ಬಾಲ ಬಿಡದವನಿಗೆ ಸಂಜೆ ಊಟ ಸಿಗುತ್ತಿರಲಿಲ್ಲ. ಬಾಲ ಇದ್ದರೆ ಒಂದು ತಾನು ಬಟ್ಟೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇಲ್ಲದಿದ್ದರೆ ಸಂಜೆಯವರೆಗೂ ಹುಡುಕಬೇಕು, ಕಣ್ಣಿಗೆ ಮೆಣಸಿನಪುಡಿ ಬಿದ್ದಂತಾಗುತ್ತದೆ.

ಪ್ರವೇರಾದವರು ತಮ್ಮ ಬಟ್ಟೆಯ ಮೇಲೆ 'ನೂಲಿನಿಂದ ಕೊನೆಯ ಹೊಲಿಗೆಯವರೆಗೆ ಎಲ್ಲವೂ ನಮ್ಮ ಕಣಿವೆಯಲ್ಲಿ, ನಮ್ಮ ಮಗ್ಗಗಳಲ್ಲಿ' ಅಂತ ಅಚ್ಚು ಹಾಕುತ್ತಾರೆ. ಅವರ ಮಗ್ಗಗಳು ಹೋದ ವರ್ಷವೇ ಹಿಂದಿನ ಗೇಟಿನಿಂದ ಲಾರಿ ಹತ್ತಿದವು. ಈಗ ಬಟ್ಟೆ ಎಲ್ಲಿಂದಲೋ ನೇಯ್ದೇ ಬರುತ್ತದೆ, ಬಾಲವಿಲ್ಲದ ಗಂಟುಗಳ ಸಮೇತ. ಇಲ್ಲಿ ರಫು ಮಾಡಿ, ತೊಳೆದು, ಹೆಸರು ಹಚ್ಚುತ್ತಾರೆ. ಅದನ್ನೇ ನನ್ನ 'ಬಟ್ಟೆಯ ಹಿಂಬದಿ' ಬ್ಲಾಗಿನಲ್ಲಿ ಚಿತ್ರ ಸಮೇತ ಬರೆದೆ. ಸುಳ್ಳು ಅನ್ನುತ್ತಾರೆ. ಮಾನನಷ್ಟ ಅನ್ನುತ್ತಾರೆ. ಮಗ್ಗ ಮಾರಿದಾಗ ನಷ್ಟವಾಗದ ಮಾನ ನಾನು ಬರೆದಾಗ ಆಯಿತಂತೆ.

ನನ್ನ ಹತ್ತಿರ ಬಟ್ಟೆಯ ತುಂಡೇ ಇದೆ. ಅಂಚಿನಲ್ಲಿ ಪ್ರವೇರಾದ ನಂಬರು, ಹಿಂಬದಿಯಲ್ಲಿ ಆ ಬೋಳು ಗಂಟುಗಳು. ಗಿರಣಿಯ ರಫು ಕೋಣೆಯಲ್ಲಿ ಈಗಲೂ ಕೆಲಸ ಮಾಡುವ ಸವೀನಾ ಅದನ್ನು ಕತ್ತರಿಸಿ, ಕೋಟಿನ ಒಳಗೆ ಹೊಟ್ಟೆಗೆ ಸುತ್ತಿಕೊಂಡು ತಂದುಕೊಟ್ಟಳು. ನಾನು ಅಲ್ಲಿದ್ದಷ್ಟೂ ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವಳು ಅವಳು. ಸವೀನಾ. ನೋಡಿ, ಹೆಸರು ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮಾರ್ಚ್ 9

ಚರ್ಚಿನಿಂದ ನೇರವಾಗಿ ಸವೀನಾ ಬಂದಳು. ನಾನು ಒಲೆಯ ಮೇಲೆ ಜೋಳದ ಹಿಟ್ಟಿನ ಪೊಲೆಂತಾ ಕಲಕುತ್ತಿದ್ದೆ. ಕೋಟು ಕೂಡ ಬಿಚ್ಚಲಿಲ್ಲ.

"ಎಲ್ಲಿಟ್ಟಿದ್ದೀಯೇ ಅದನ್ನ?"

"ನನ್ನ ಗಂಡನ ಶರಟುಗಳ ಕೆಳಗೆ. ಅವನು ಸತ್ತಾಗಿನಿಂದ ಆ ಕಪಾಟಿಗೆ ನಾನೇ ಕೈ ಹಾಕಿಲ್ಲ, ಇನ್ಯಾರು ಹಾಕ್ತಾರೆ?"

"ನಾನು ಕೊಟ್ಟಿದ್ದು ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು ಕಣೇ. ಎಲ್ವಿಯೊ ಔಷಧಿ, ಆಕ್ಸಿಜನ್ನು, ಎಲ್ಲ ನನ್ನ ಸಂಬಳದ ಮೇಲೇ ನಿಂತಿದೆ." ಎಲ್ವಿಯೊ ಅವಳ ಗಂಡ.

"ನನ್ನ ಬಾಯಿಂದ ಬರಲ್ಲ. ಚಿಮುಟ ಹಾಕಿ ಎಳೆದ್ರೂ ಬರಲ್ಲ."

"ನಿನ್ನ ಬಾಯಿ ನಂಗೊತ್ತಿಲ್ವಾ? ಅದಕ್ಕೆ ಬಾಗಿಲು ಇಟ್ಟೋರೇ ಇಲ್ಲ."

ಇಬ್ಬರೂ ನಕ್ಕೆವು. ಊಟ ಮಾಡಿಯೇ ಹೋದಳು. ಬಾಗಿಲಲ್ಲಿ ನಿಂತು, "ಆದ್ರೂ ಬರ್ದಿದ್ದು ಒಳ್ಳೇದಾಯ್ತು. ಆ ಬೋಳು ಗಂಟು ಹುಡ್ಕಿ ಹುಡ್ಕಿ ನನ್ನ ಕಣ್ಣು ಹೋಗ್ತಿದೆ. ಯಾರಾದ್ರೂ ಹೇಳ್ಬೇಕಿತ್ತು" ಅಂದಳು.

ಬ್ರೆಡ್ಡಿನ ಅಂಗಡಿಯವಳು ಇವತ್ತು ನನ್ನ ಚೀಲಕ್ಕೆ ಒಂದು ಬನ್ನು ಹೆಚ್ಚಿಗೆ ಹಾಕಿದಳು. ಯಾಕೆ ಅಂದೆ. "ಓದಿದೆ" ಅಂತ ಪಿಸುಗುಟ್ಟಿದಳು. ಹೊಟ್ಟೆ ತುಂಬಿತು ನನಗೆ.

ಮಾರ್ಚ್ 21

ಬಿಯೆಲ್ಲಾ ಪಟ್ಟಣಕ್ಕೆ ಹೋಗಿ ವಕೀಲ ದೆಬೆರ್ನಾರ್ದಿಯನ್ನು ಕಂಡೆ. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಮೊದಲು ಕೆಮ್ಮುತ್ತಾನೆ. ಕೆಮ್ಮು ಉದ್ದವಾದಷ್ಟೂ ಸುದ್ದಿ ಕೆಟ್ಟದ್ದು ಅಂತ ಬೇಗನೇ ಗೊತ್ತಾಯಿತು.

"ಬಟ್ಟೆ ಇದೆ ಅಂತೀರಲ್ಲಾ, ಅದೇ ನಮ್ಮ ಬಲ. ಚಿತ್ರ ಯಾವ ಬಟ್ಟೇದಾದ್ರೂ ಇರ್ಬಹುದು ಅಂತಾರೆ ಅವ್ರು. ತುಂಡನ್ನ ಮಾತ್ರ ಜೋಪಾನ ಮಾಡಿ, ಪರಿಣತರಿಗೆ ತೋರಿಸೋವರೆಗೂ ಮುಟ್ಟಬೇಡಿ" ಅಂದ. ಆಮೇಲೆ ಉದ್ದದ ಕೆಮ್ಮು. "ಆದ್ರೆ ಮೇಡಂ, ಇದನ್ನ ಯಾರು ಕೊಟ್ರು ಅಂತ ನ್ಯಾಯಾಧೀಶರು ಕೇಳ್ತಾರೆ."

"ಹೇಳಲ್ಲ."

"ಪತ್ರಕರ್ತರಾಗಿದ್ರೆ ಹೇಳದೇ ಇರಬಹುದಿತ್ತು. ಅವರಿಗೆ ಸಂಘದ ಕಾರ್ಡಿದೆ, ಕಾನೂನು ಅವರ ಬಾಯಿ ಕಾಯುತ್ತೆ. ನೀವು ಬ್ಲಾಗು ಬರೆಯೋರು. ನಿಮಗೆ ಆ ರಕ್ಷಣೆ ಇಲ್ಲ."

"ಅಂದ್ರೆ ಅದೇ ಮಾತನ್ನ ಕಾರ್ಡಿರೋ ಗಂಡಸು ಬರೆದ್ರೆ ಸುದ್ದಿ, ನಾನು ಬರೆದ್ರೆ ಅಪರಾಧ."

"ಅಷ್ಟು ಒರಟಾಗಿ ಅಲ್ಲ" ಅಂದ, ಮತ್ತೆ ಕೆಮ್ಮಿದ. "ನೋಡಿ, ನೀವು ಅಲ್ಲಲ್ಲಿ 'ನನ್ನ ಅಭಿಪ್ರಾಯದಲ್ಲಿ' ಅಂತಲೋ, 'ಎನ್ನಲಾಗಿದೆ' ಅಂತಲೋ ಹಾಕಿದ್ದಿದ್ರೆ ಈ ಕೇಸೇ ನಿಲ್ತಿರಲಿಲ್ಲ. ಹೆಸರಿನ ಬದಲು 'ಒಂದು ಸಂಸ್ಥೆ' ಅನ್ನಬಹುದಿತ್ತು."

ನನ್ನ ಅಭಿಪ್ರಾಯದಲ್ಲಿ ಹೊರಗೆ ಮಳೆ ಸುರಿಯುತ್ತಿದೆ. ನನ್ನ ಚಪ್ಪಲಿ ನೆನೆದಿದೆ ಎನ್ನಲಾಗಿದೆ. ಒಂದು ಬೆಕ್ಕು ಒಂದು ಸಂಸ್ಥೆಯ ಕಾಂಪೌಂಡಿನ ಮೇಲೆ ಕೂತಿದೆ. ಥೂ!

ಏಪ್ರಿಲ್ 6

ಕಿಟಕಿಯ ಬಳಿಯ ಓರೆ ಮೇಜು ಖಾಲಿ ಇದೆ. ಗಿರಣಿ ಬಿಟ್ಟ ಮೇಲೆ ನಾನು ಮನೆಯಲ್ಲೇ ರಫು ಮಾಡುತ್ತಿದ್ದೆ, ಕಣಿವೆಯ ನಾಲ್ಕಾರು ಕಡೆಯಿಂದ ತಾನುಗಳು ಬರುತ್ತಿದ್ದವು. ಈ ತಿಂಗಳು ಒಂದೂ ಬಂದಿಲ್ಲ. ಫೋನು ಮಾಡಿದರೆ ಎಲ್ಲರೂ ಬಹಳ ಪ್ರೀತಿಯಿಂದ ಮಾತಾಡುತ್ತಾರೆ. ಮಳೆ ಹೇಗಿದೆ ಅಂತ ಕೇಳುತ್ತಾರೆ.

ಬ್ಲಾಗಿನ ಕೆಳಗೆ ಹೆಸರಿಲ್ಲದವನೊಬ್ಬ, 'ನಿನ್ನ ಹೊಟ್ಟೆ ತುಂಬಿದೆ, ನಮ್ಮ ತಟ್ಟೆಗೆ ಯಾಕೆ ಮಣ್ಣು ಹಾಕುತ್ತೀ ಮುದುಕಿ?' ಅಂತ ಬರೆದಿದ್ದಾನೆ. ಬ್ರೆಡ್ಡಿನ ಅಂಗಡಿಯವಳು ಈಗ ಚಿಲ್ಲರೆ ಕೊಡುವಾಗ ಮುಖ ನೋಡುವುದಿಲ್ಲ. ಅವಳ ಅಳಿಯ ಪ್ರವೇರಾದಲ್ಲಿ ಬಣ್ಣದ ಕೆಲಸಕ್ಕಿದ್ದಾನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇದೆ, ಸ್ವಲ್ಪ ಇದೆ.

ಕೈಗೆ ಕೆಲಸವಿಲ್ಲದೆ ಮೇಜುಬಟ್ಟೆಯನ್ನೇ ಸವರುತ್ತಾ ಕೂತಿರುತ್ತೇನೆ.

ಏಪ್ರಿಲ್ 17

ಗಿರಣಿಯ ಯಜಮಾನ ಕೊರ್ರಾದೊ ಪ್ರವೇರಾ ತಾನಾಗಿಯೇ ಮನೆಗೆ ಬಂದ. ಕೈಯಲ್ಲಿ ತೊರ್ಚೆತ್ತಿ ಬಿಸ್ಕತ್ತಿನ ಡಬ್ಬಿ. ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನಗೆ ಗೊತ್ತು, ಚರ್ಚಿನ ಸಮಾರಂಭದ ದಿನ ಅವನು ಹರಿದುಕೊಂಡು ಬಂದ ಕೋಟನ್ನು ರಫು ಮಾಡಿಕೊಟ್ಟವಳೇ ನಾನು. ಆದರೂ ಅವನು ನನ್ನನ್ನು ನೀನು ಅನ್ನುತ್ತಾನೆ, ನಾನು ನೀವು ಅನ್ನುತ್ತೇನೆ. ನಾಲಿಗೆಗೆ ಅದೇ ರೂಢಿ.

"ಏನಾಯ್ತು ಓರ್ನೆಲ್ಲಾ ನಿಂಗೆ? ಮನಸ್ಸಲ್ಲಿ ಏನಾದ್ರೂ ಇದ್ರೆ ನನ್ನ ಹತ್ರ ಬಂದು ಹೇಳ್ಬಾರ್ದಿತ್ತಾ? ಲೋಕಕ್ಕೆಲ್ಲಾ ಡಂಗುರ ಸಾರ್ಬೇಕಿತ್ತಾ?"

"ಮಗ್ಗ ಕಳಿಸೋ ಮುಂಚೆ ನೀವು ನಮ್ಮ ಹತ್ರ ಬಂದು ಹೇಳಿದ್ರಾ?"

"ನಾನೇನೂ ಕಳ್ಳತನ ಮಾಡಿಲ್ಲ. ತೊಳೆಯೋದು ಇಲ್ಲಿ, ರಫು ಇಲ್ಲಿ, ಹದ ಮಾಡೋದು ಇಲ್ಲಿ. ಕಾನೂನಿನ ಪ್ರಕಾರ ಅದು ಇಲ್ಲೀ ಬಟ್ಟೆನೇ."

"ಹಾಗಾದ್ರೆ ಹಾಗೇ ಅಚ್ಚು ಹಾಕಿ. ನೇಯ್ಗೆ ಹೊರಗಿಂದು, ಮಿಕ್ಕಿದ್ದು ನಮ್ದು ಅಂತ."

"ಯಾರು ತಗೋತಾರೆ ಆಗ?" ಅಂದ. ಅದನ್ನು ಮಾತ್ರ ನಿಜವಾಗಿ ಹೇಳಿದ, ಪಾಪ. ಸುಸ್ತಾದವನ ಹಾಗೆ ಕಂಡ. ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು.

ಆಮೇಲೆ ಡಬ್ಬಿಯ ಮುಚ್ಚಳ ತಾನೇ ತೆಗೆದು ಒಂದು ಬಿಸ್ಕತ್ತು ತಿಂದ. "ರಫು ಕೋಣೆಯಲ್ಲಿ ಒಂಬತ್ತು ಜನ ಇದ್ದಾರೆ. ಒಬ್ಬಳು ನನ್ನ ಬಟ್ಟೆಗೆ ಕತ್ತರಿ ಹಾಕಿದ್ದಾಳೆ. ಕೋರ್ಟಲ್ಲಿ ನೀನು ಹೆಸರು ಹೇಳಿದ್ರೆ ಒಬ್ಬಳು ಮನೆಗೆ ಹೋಗ್ತಾಳೆ. ಹೇಳದಿದ್ರೆ ನಾನೇನು ಮಾಡ್ಲಿ? ಯಾರನ್ನೂ ನಂಬೋ ಹಾಗಿಲ್ಲ ಅಂದ್ಮೇಲೆ ಒಂಬತ್ತು ಜನಾನೂ ಕಳಿಸ್ತೀನಿ."

"ಮೂರನೇ ದಾರಿ ಇಲ್ವಾ?"

"ಇದೆ. ಬರೆದಿದ್ದನ್ನ ಅಳಿಸು. ಅಂಥ ಬಟ್ಟೇನೇ ಇರ್ಲಿಲ್ಲ, ಯಾರೂ ಕೊಡ್ಲಿಲ್ಲ, ನಾನೇ ಕಟ್ಟಿಕೊಂಡ ಕಥೆ ಅಂತ ಅದೇ ಜಾಗದಲ್ಲಿ ಬರಿ. ಬಟ್ಟೇನೇ ಇಲ್ಲ ಅಂದ್ಮೇಲೆ ಕತ್ತರಿಸಿದೋಳೂ ಇಲ್ಲ. ಕೇಸು ವಾಪಸ್ಸು."

ಬಾಗಿಲು ತೋರಿಸಿದೆ. ಬಿಸ್ಕತ್ತನ್ನು ಬಚ್ಚಲಿಗೆ ಸುರಿಯಬೇಕು ಅಂದುಕೊಂಡೆ. ಸುರಿಯಲಿಲ್ಲ, ಕಪಾಟಿನಲ್ಲಿಟ್ಟೆ. ನಾನು ಬರೆದದ್ದು ನಿಜ. ಪ್ರಾಣ ಹೋದರೂ ಅದನ್ನು ಕಥೆ ಅನ್ನುವುದಿಲ್ಲ.

ಮೇ 2

ಪೊಲೀಸರು ಬೇಕಾದರೆ ಮನೆಗೆ ಬಂದು ಕಂಪ್ಯೂಟರು, ಫೋನು, ಕಾಗದ ಪತ್ರ ಏನಿದ್ದರೂ ತೆಗೆದುಕೊಂಡು ಹೋಗಬಹುದು ಅಂತ ದೆಬೆರ್ನಾರ್ದಿ ಹೇಳಿದ. ಬರುತ್ತಾರೆ ಅಂತಲ್ಲ, ಬರಬಹುದು ಅಂತ.

ಹಿಂದಿನ ಪುಟಗಳಲ್ಲಿ ಒಂದು ಹೆಸರಿನ ಮೇಲೆ ಶಾಯಿ ಹಚ್ಚಿದೆ. ಕಲೆ ದೊಡ್ಡದಾಯಿತು, ಇನ್ನೂ ಎದ್ದು ಕಾಣುತ್ತದೆ. ಬ್ಲೇಡಿನಲ್ಲಿ ಕೆರೆಯೋಣವೆಂದರೆ ಕಾಗದ ಹರಿಯುವಂತಿದೆ. ಹಾಗೇ ಬಿಟ್ಟೆ. ಇನ್ನು ಮುಂದೆ ಎಸ್. ಅಂತ ಬರೆದರೆ ಸಾಕು. ಬರೆಯುವುದಕ್ಕೂ ಸಲೀಸು.

ಎಸ್. ಈ ಭಾನುವಾರ ಬರಲಿಲ್ಲ. ನಾನೇ ಬರಬೇಡ ಅಂದಿದ್ದೆ. "ನಿನ್ನನ್ನ ಯಾರಾದ್ರೂ ನನ್ನ ಮನೆ ಮುಂದೆ ನೋಡಿದ್ರೆ ಅಷ್ಟೇ" ಅಂದದ್ದಕ್ಕೆ, "ಎಷ್ಟು ದಿನ ಹೀಗೆ? ನಂಗೂ ಏನೋ ಹೇಳೋದಿದೆ" ಅಂದಳು. ಫೋನಿನಲ್ಲಿ ಬೇಡ ಅಂತ ಇಟ್ಟುಬಿಟ್ಟೆ.

ಮೇ 24

ಇದನ್ನು ಹೇಗೆ ಬರೆಯಲಿ?

ಮಧ್ಯಾಹ್ನ ರೇಡಿಯೋದಲ್ಲಿ ಸೈಕಲ್ ರೇಸಿನ ವಿವರಣೆ ಬರುತ್ತಿತ್ತು. ಇವತ್ತು ನಮ್ಮ ಬೆಟ್ಟವನ್ನೇ ಹತ್ತುವ ದಿನ, ಊರೆಲ್ಲ ರಸ್ತೆ ಬದಿಯಲ್ಲಿತ್ತು. ನಾನು ಹೋಗಲಿಲ್ಲ. ಪರಿಣತರು ಸೋಮವಾರ ಬರುತ್ತಾರೆ, ತುಂಡನ್ನು ಸಿದ್ಧವಾಗಿಡಿ ಅಂತ ದೆಬೆರ್ನಾರ್ದಿ ಬೆಳಿಗ್ಗೆ ಹೇಳಿದ್ದ. ನುಸಿ ಹಿಡಿದಿದೆಯೋ ನೋಡೋಣ ಅಂತ ಅದನ್ನು ಕಪಾಟಿನಿಂದ ತೆಗೆದು ಓರೆ ಮೇಜಿನ ಮೇಲೆ ಹಾಸಿದೆ. ಎಷ್ಟೋ ದಿನದ ಮೇಲೆ ಆ ಮೇಜಿನ ಮೇಲೆ ಉಣ್ಣೆ. ಒಳ್ಳೆಯ ಬಟ್ಟೆ, ಅದನ್ನು ಹೇಳಲೇಬೇಕು. ಯಾವ ದೇಶದಲ್ಲಿ ನೇಯ್ದರೋ, ಕೈ ಇಟ್ಟರೆ ತೆಗೆಯಲು ಮನಸ್ಸು ಬಾರದು. ಕಿಟಕಿಯ ಬೆಳಕೂ ಚೆನ್ನಾಗಿತ್ತು.

ಅಂಗೈ ಆಡಿಸುತ್ತಾ ರೇಸು ಕೇಳುತ್ತಾ ಕೂತೆ. ಎಲ್ಲರಿಗಿಂತ ಹಿಂದಿದ್ದ ಒಬ್ಬ ಹುಡುಗ ಒಬ್ಬೊಬ್ಬರನ್ನೇ ದಾಟಿಕೊಂಡು ಬರುತ್ತಿದ್ದ. ನಾನು ಅವನಿಗೆ 'ಹತ್ತಪ್ಪಾ, ಹತ್ತು' ಅಂತ ಹೇಳುತ್ತಿದ್ದೆ. ಕೊನೆಯ ತಿರುವಿನಲ್ಲಿ ಅವನು ಗೆದ್ದ. ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಬಲಗೈಯಲ್ಲಿ ಚಿಮುಟ ಇತ್ತು. ಎಡಗೈಯಲ್ಲಿ ಸೂಜಿ.

ಮಡಿಲಲ್ಲಿ ಎಳೆಯ ಚೂರುಗಳು ಬಿದ್ದಿದ್ದವು. ಬಟ್ಟೆಯನ್ನು ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಕಣ್ಣು ಮುಚ್ಚಿ ಸವರಿ ನೋಡಿದೆ. ಒಂದು ಗಂಟೂ ಉಳಿದಿರಲಿಲ್ಲ. ಒಂದೊಂದನ್ನೂ ಬಿಡಿಸಿ, ಹೊಸ ಎಳೆ ತೂರಿಸಿ, ಎರಡೂ ಬದಿ ಒಂದೇ ಸಮ ಮಾಡಿದ್ದೇನೆ. ನಾನು ಮಾಡಿದ್ದೇ ನನಗೆ ಎಲ್ಲಿ ಅಂತ ಸಿಗುತ್ತಿಲ್ಲ.

ಈ ಕೈಗಳಿಗೆ ನಲವತ್ತು ವರ್ಷ ಅದೊಂದನ್ನೇ ಕಲಿಸಿದ್ದೇನೆ. ಮಾಡಬೇಕು ಅಂತ ಮಾಡಲಿಲ್ಲ. ದೇವರಾಣೆ ಮಾಡಬೇಕು ಅಂತ ಮಾಡಲಿಲ್ಲ.

ಮೇ 26

ದೆಬೆರ್ನಾರ್ದಿ ಬಟ್ಟೆಯನ್ನು ನೋಡಿದ. ಬಹಳ ಹೊತ್ತು ಕೆಮ್ಮಿದ. "ಇಷ್ಟು ಚೆನ್ನಾಗಿ ಮಾಡ್ಬೇಕಿತ್ತಾ ಮೇಡಂ?" ಅಂದ.

ಜೂನ್ 11

ಇವತ್ತು ಸಹಿ ಮಾಡಿದೆ.

ಬ್ಲಾಗಿನ ಬರಹ ಅಳಿಸಿಯಾಯಿತು. ಅದೇ ಜಾಗದಲ್ಲಿ ಅವರು ಕೊಟ್ಟ ನಾಲ್ಕು ಸಾಲು ಹಾಕಿದೆ. ಬಟ್ಟೆ ಇರಲಿಲ್ಲ. ಯಾರೂ ಕೊಡಲಿಲ್ಲ. ತಪ್ಪು ತಿಳಿವಳಿಕೆಯಿಂದ ಬರೆದದ್ದು. ಕೊನೆಯ ಸಾಲಿನಲ್ಲಿ ವಿಷಾದ. ಯಜಮಾನರು ಎದ್ದು ನಿಂತು ಕೈ ಕುಲುಕಿದರು, ತಮ್ಮ ಅಮ್ಮನ ಶಾಲನ್ನು ನಾನು ರಫು ಮಾಡಿಕೊಟ್ಟದ್ದನ್ನು ನೆನೆಸಿಕೊಂಡರು. ಆದದ್ದು ಆಯಿತು ಅಂದರು.

ಒಂಬತ್ತು ಜನರ ಕೆಲಸ ಉಳಿಯಿತು. ಅದು ದೊಡ್ಡ ವಿಷಯ. ನನ್ನ ಅಭಿಪ್ರಾಯದಲ್ಲಿ ದೊಡ್ಡ ವಿಷಯ.

ಜೂನ್ 13

ಎಸ್. ಬಂದಿದ್ದಳು. ಕತ್ತಲಾಗುವವರೆಗೂ ಕಾಯಲಿಲ್ಲ, ಹಾಡಹಗಲೇ, ಎಲ್ಲರೂ ನೋಡುವ ಹಾಗೆ ಬಂದಳು.

"ಯಾರೂ ಕೊಡ್ಲಿಲ್ಲ ಅಂತ ಬರ್ದಿದೀಯ. ಹಾಗಾದ್ರೆ ನಾನ್ಯಾರು?"

"ನಿನ್ನ ಕೆಲಸ ಉಳೀಲಿ ಅಂತ ಕಣೇ."

"ನನ್ನ ಕೇಳಿದ್ಯಾ? ಒಂದು ಸಲ ಕೇಳಿದ್ಯಾ? ಮೇ ತಿಂಗಳಲ್ಲಿ ಹೇಳೋದಿದೆ ಅಂದೆ, ನೀನು ಫೋನ್ ಇಟ್ಟುಬಿಟ್ಟೆ. ಎಲ್ವಿಯೊಗೆ ಹೇಳಿದ್ದೆ ಕಣೇ ನಾನು. ಕೋರ್ಟಿಗೆ ಹೋಗಿ ಕತ್ತರಿಸಿದೋಳು ನಾನೇ ಅಂತೀನಿ ಅಂದೆ. ಮಾತಾಡೋಕೆ ಉಸಿರಿಲ್ಲ ಅವನಿಗೆ, ಆ ಮಾಸ್ಕು ತೆಗೆದು 'ಹೋಗು' ಅಂದ. ಉಳಿದೋರಲ್ಲೂ ನಾಲ್ಕು ಜನ ಬರ್ತಿದ್ರು. ಬಟ್ಟೆ ಹೋದ್ರೆ ಇನ್ನೊಂದು ತುಂಡು ಕತ್ತರಿಸ್ತಿದ್ದೆ. ಅಲ್ಲೇನು ಬಟ್ಟೆಗೆ ಬರವಾ?"

ನಾನು ಏನು ಹೇಳಿದೆನೋ ನೆನಪಿಲ್ಲ. ಕಾಫಿ ಮಾಡಲಾ ಅಂದಿರಬೇಕು.

"ಆವತ್ತು ಮಧ್ಯಾಹ್ನ ಕೈ ತಾನಾಗೇ ಹೋಯ್ತು ಅಂದ್ಯಂತೆ ವಕೀಲರಿಗೆ" ಅಂದಳು ಹೋಗುವಾಗ. "ನಾನೂ ಅದೇ ಕೆಲ್ಸ ಮಾಡ್ತೀನಿ, ಓರ್ನೆಲ್ಲಾ. ಪ್ರತಿ ಗಂಟಿಗೂ ಹೊಸ ಎಳೆ ಬೇಕು. ಅದನ್ನ ಹುಡುಕಬೇಕು, ಬಣ್ಣ ಹೊಂದಿಸಬೇಕು, ಸೂಜಿಗೆ ಪೋಣಿಸಬೇಕು."

ಅವಳಿಗೆ ಆಯಾಸವಾಗಿತ್ತು. ಗಂಡನ ಆರೈಕೆ ಇದೆ. ಆಯಾಸದಲ್ಲಿ ಜನ ಏನೇನೋ ಹೇಳುತ್ತಾರೆ.

ಜುಲೈ 20

ಸೆಖೆ.

ಅಕ್ಟೋಬರ್ 30

ಒಂದು ಸಂಸ್ಥೆಯವರು ತಮ್ಮ ರಫು ಕೋಣೆಯನ್ನು ಈ ವಾರ ಮುಚ್ಚಿದ್ದಾರೆ ಎನ್ನಲಾಗಿದೆ. ಒಂಬತ್ತು ಜನಕ್ಕೂ ಕಾಗದ ಕೈಗೆ ಬಂದಿದೆಯಂತೆ. ವ್ಯವಹಾರದ ಕಾರಣಗಳು, ನನಗೆ ಅದರ ಬಗ್ಗೆ ಹೆಚ್ಚು ತಿಳಿಯದು. ಇನ್ನು ಮುಂದೆ ರಫು ಕೆಲಸವನ್ನು ಮನೆಗಳಿಗೆ ಕೊಡುತ್ತಾರಂತೆ. ಸಂಬಂಧಪಟ್ಟವರು ತಾವೇ ಫೋನು ಮಾಡಿ, "ಮೊದಲ ಹೆಸರು ನಿನ್ನದೇ ಬರೆದಿದ್ದೀನಿ" ಅಂದರು. ಕೆಲಸ ಕೆಲಸವೇ. ಒಪ್ಪಿಕೊಂಡೆ.

ಬ್ರೆಡ್ಡಿನ ಅಂಗಡಿಯಲ್ಲಿ ನನಗೆ ಗೊತ್ತಿರುವ ಒಬ್ಬರು ಎದುರು ಸಿಕ್ಕಿದರು. ನೋಡದ ಹಾಗೆ ಹೋದರು. ಅವರ ಮನೆಯಲ್ಲಿ ಕಾಯಿಲೆಯವರಿದ್ದಾರೆ.

ಬ್ಲಾಗಿನ ವರ್ಷದ ಶುಲ್ಕ ಕಟ್ಟುವ ದಿನ ದಾಟಿತು. ಕಟ್ಟಲಿಲ್ಲ. ಹೇಗೂ ಅದರಲ್ಲಿ ಉಳಿದದ್ದು ಆ ನಾಲ್ಕು ಸಾಲು ಮಾತ್ರ.

ನವೆಂಬರ್ 18

ಮೋಡ. ಬೆಳಕು ಪರವಾಗಿಲ್ಲ.

ಬೆಳಿಗ್ಗೆ ಬೇಗ ಒಂದು ಸಂಸ್ಥೆಯಿಂದ ಬೂದು ಬಣ್ಣದ ತಾನು ಬಂತು. ಮೇಜಿನ ಮೇಲೆ ಹಾಸಿ ಹಿಂಬದಿಗೆ ಅಂಗೈ ಇಟ್ಟೆ. ಮಧ್ಯಾಹ್ನದ ಊಟಕ್ಕೆ ಏಳಲಾಗಲಿಲ್ಲ. ಮುಗಿಸುವ ಹೊತ್ತಿಗೆ ದೀಪ ಹಾಕಬೇಕಾಯಿತು. ಕಣ್ಣಿಗೆ ಮೆಣಸಿನಪುಡಿ ಬಿದ್ದಂತಿದೆ, ಆಗಾಗ ತಣ್ಣೀರಿನ ಬಟ್ಟೆ ಒತ್ತಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಬಟ್ಟೆ ಒಳ್ಳೆಯದು. ನಮ್ಮ ಕಣಿವೆಯದೇ. ಎಲ್ಲ ಗಂಟಿಗೂ ಬಾಲ ಇತ್ತು.